ಯಾರ ನೂರು?

ಏಪ್ರಿಲ್ 11

ಬಾಮೈದನಿಗೆ,

ಫೋನ್ ಮಾಡಬಹುದಿತ್ತು. ಮಾಡಿದರೆ ಎರಡನೇ ಮಾತಿಗೆ ನೀನು ಕೂಗುತ್ತೀಯ, ಮೂರನೇ ಮಾತಿಗೆ ನಾನು ಇಟ್ಟುಬಿಡುತ್ತೇನೆ. ಕಾಗದದಲ್ಲಿ ಕೂಗಿದರೆ ಅಕ್ಷರ ದಪ್ಪವಾಗುತ್ತದೆ, ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ.

ಜನವರಿಯಲ್ಲಿ ನಿನ್ನಕ್ಕ ಮೆಟ್ಟಿಲ ಮೇಲೆ ಬಿದ್ದಾಗ, ಆಸ್ಪತ್ರೆಯಲ್ಲಿ ಅವಳ ಮಂಚದ ಬಳಿ ನಿಂತು ನಾವಿಬ್ಬರೂ ಏನೇನು ಆಡಿದೆವೋ ಅದೆಲ್ಲ ನನಗೂ ನೆನಪಿದೆ. "ನಿಮ್ಮ ಪ್ಲಾಸ್ಟಿಕ್ಕು ನಮ್ಮಕ್ಕನ ಸೊಂಟ ಮುರೀತು" ಅಂದೆ ನೀನು. "ಕೋಲಿನ ತುದಿಗೆ ಹಾಕಿದ ನಿನ್ನ ರಬ್ಬರ್ ಬೂಟು ಜಾರಿದ್ದಕ್ಕೇ ಅವಳು ಬಿದ್ದದ್ದು" ಅಂದೆ ನಾನು. ಅದನ್ನು ಈಗ ಕೆದಕುವುದು ಬೇಡ. ಕೆಲಸದ ಮಾತಿಗೆ ಬರುತ್ತೇನೆ.

ನಿನ್ನಕ್ಕ ಈಗ ಗೋಡೆ ಹಿಡಿದು ಅಡುಗೆಮನೆಯಿಂದ ಮುಂಬಾಗಿಲಿನವರೆಗೆ ಬರುತ್ತಾಳೆ. ಅಲ್ಲಿ ನಿಂತು ಬೀದಿ ನೋಡಿ ವಾಪಸ್ಸು ಹೋಗುತ್ತಾಳೆ. ಚಿಕ್ಕಂದಿನಿಂದ ಎಡಗಾಲು ಸೊರಗಿದ್ದರೂ ಇವಳು ಯಾವತ್ತೂ ಮನೆಯಲ್ಲಿ ಕೂತವಳಲ್ಲ, ನಿನಗೇ ಗೊತ್ತು. ಇವಳು ಕರಡು ತಿದ್ದುವ ಅಚ್ಚುಕೂಟದ ಮ್ಯಾನೇಜರು ಮೊನ್ನೆ ಬಂದಿದ್ದರು. ಔಷಧಿ ಡಬ್ಬಿಯೊಳಗೆ ಇಡುವ ಚೀಟಿಗಳ ಕರಡು ಕಟ್ಟಡ ಬಿಟ್ಟು ಹೊರಗೆ ಬರಕೂಡದಂತೆ, ಅದು ನಿಯಮ. ನವೆಂಬರ್ ಮೂರರೊಳಗೆ ಇವಳು ಬಂದು ಕೂತರೆ ಆ ಕುರ್ಚಿ ಇವಳದು, ಇಲ್ಲದಿದ್ದರೆ ಬೇರೆಯವರದು. ಲಿಫ್ಟಿಲ್ಲ. ಹೊರಗಡೆ ಕಲ್ಲಿನ ಮೆಟ್ಟಿಲು ಹನ್ನೊಂದು, ಒಳಗೆ ಮೂವತ್ತು. ನವೆಂಬರಿನಲ್ಲಿ ಈ ಬೆಟ್ಟದೂರಲ್ಲಿ ಮೆಟ್ಟಿಲ ಮೇಲೆ ನೀರು ನಿಂತರೆ ಹೆಪ್ಪುಗಟ್ಟುತ್ತದೆ.

ಇವಳಿಗೆ ಊರುಗೋಲು ಬೇಕು. ಚಳಿಯಲ್ಲಿ ಒಡೆಯದ ಊರುಗೋಲು. ಹಿಡಿ ಮತ್ತು ಮೊಣಕೈ ಕೆಳಗೆ ಸುತ್ತಿಕೊಳ್ಳುವ ತೋಳುಪಟ್ಟಿ ಎರಡನ್ನೂ ನಾನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತೇನೆ, ಅದನ್ನು ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಪ್ಲಾಸ್ಟಿಕ್ಕು ಗಟ್ಟಿ, ಆದರೆ ಚಳಿಗೆ ಬಿಸ್ಕತ್ತಿನಂತೆ ಒಡೆಯುತ್ತದೆ ಎಂದು ಕೊನೆಗೂ ಬರೆದು ಕೊಡುತ್ತಿದ್ದೇನೆ, ಜೋಪಾನವಾಗಿ ಇಟ್ಟುಕೋ. ಅದಕ್ಕೆ ರಬ್ಬರು ಬೆರೆಸಿದರೆ ಒಡೆಯುವುದಿಲ್ಲ ಎಂದು ನಮ್ಮ ಪ್ಲಾಸ್ಟಿಕ್ ಕಾಳು ಸರಬರಾಜಿನವನು ಹೇಳಿದ. ಯಾವ ರಬ್ಬರು, ಎಷ್ಟು? ಹೇಳುವ ಬಾಯಿ ನನಗೆ ಗೊತ್ತಿರುವಂತೆ ಒಂದೇ. ಅದು ನಾಲ್ಕು ತಿಂಗಳಿಂದ ಮುಚ್ಚಿದೆ.

ನಿನ್ನ ಭಾವ


ಏಪ್ರಿಲ್ 29

ಭಾವನವರಿಗೆ,

ನಾಲ್ಕಲ್ಲ, ಮೂರು ತಿಂಗಳು. ಲೆಕ್ಕ ಸರಿಯಾಗಿರಲಿ.

ಅಕ್ಕನಿಗಾಗಿ ಬರೆಯುತ್ತಿದ್ದೇನೆ. ಬಸ್ಸಿನ ಕಿಟಕಿ ಗಾಜಿನ ಅಂಚಿಗೆ ಹಾಕುವ ರಬ್ಬರು ಗೊತ್ತಲ್ಲ, ಆ ಜಾತಿಯದು ಬೇಕು. ಬಿಸಿಲಿಗೂ ಚಳಿಗೂ ಜಗ್ಗುವುದಿಲ್ಲ, ನಿಮ್ಮ ಪ್ಲಾಸ್ಟಿಕ್ಕಿನ ಜೊತೆ ಸುಮಾರಾಗಿ ಹೊಂದಿಕೊಳ್ಳುತ್ತದೆ. ನಮ್ಮ ಕಾರ್ಖಾನೆಯಿಂದ ಐದು ಕಿಲೋ ಚೂರು ಮಾಡಿಸಿ ಕಳಿಸಿದ್ದೇನೆ.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳಿ. ಪ್ಲಾಸ್ಟಿಕ್ಕಿನಲ್ಲಿ ಬಿರುಕು ಹುಟ್ಟಿದರೆ ತಡೆಯುವವರಿಲ್ಲ, ಈ ತುದಿಯಿಂದ ಆ ತುದಿಗೆ ಓಡುತ್ತದೆ. ಒಳಗೆ ರಬ್ಬರಿನ ಸಣ್ಣ ಸಣ್ಣ ಹನಿಗಳು ಹರಡಿಕೊಂಡಿದ್ದರೆ ಪೆಟ್ಟಿನ ರಭಸವನ್ನು ಅವು ಹಂಚಿಕೊಳ್ಳುತ್ತವೆ, ಬಿರುಕು ದಾರಿಯಲ್ಲೇ ಸುಸ್ತಾಗುತ್ತದೆ. ಆದರೆ ಪುಕ್ಕಟೆ ಅಲ್ಲ. ರಬ್ಬರು ಹೆಚ್ಚಿದಷ್ಟೂ ಮಾಲು ಮೆತ್ತಗಾಗುತ್ತದೆ, ಎಳೆದರೆ ಬೇಗ ಸೋಲುತ್ತದೆ, ಭಾರ ಹಾಕಿದರೆ ಬಗ್ಗುತ್ತದೆ. ಒಡೆಯದ ಊರುಗೋಲು ಮಾಡಲು ಹೋಗಿ ನಿಲ್ಲದ ಊರುಗೋಲು ಮಾಡಬೇಡಿ.

ಮೊದಲು ಕಮ್ಮಿ ಹಾಕಿ ನೋಡಿ. ನೂರಕ್ಕೆ ಹತ್ತು ಸಾಕು.

ಅಕ್ಕ ಗೋಡೆ ಹಿಡಿದು ನಡೆಯುತ್ತಾಳೆ ಅಂದಿರಿ. ಯಾವ ಕೈಯಲ್ಲಿ ಹಿಡಿಯುತ್ತಾಳೆ? ಬಲಗೈ ಆದರೆ ಒಳ್ಳೆಯದು, ಕೋಲು ಸೊರಗಿದ ಕಾಲಿನ ಎದುರು ಕೈಯಲ್ಲಿರಬೇಕು.

ಬಾಮೈದ


ಜೂನ್ 2

ಬಾಮೈದನಿಗೆ,

ಬಲಗೈ.

ಹತ್ತು ಹಾಕಿದೆ, ಒಡೆಯಿತು. ಹನ್ನೆರಡು ಗಂಟೆ ಮನೆಯ ಫ್ರೀಜರಿನಲ್ಲಿಟ್ಟು, ತೆಗೆದ ತಕ್ಷಣ ಸೊಂಟದೆತ್ತರದಿಂದ ಎರಡು ಕಿಲೋ ಗುಂಡು ಬೀಳಿಸುತ್ತೇನೆ. ಇದು ನನ್ನ ಪರೀಕ್ಷೆ. ಬಟಾಣಿ ಪೊಟ್ಟಣಗಳೆಲ್ಲ ಹೊರಗೆ ಬಂದಿವೆ, ನಾಲ್ಕು ದಿನದಿಂದ ಬಟಾಣಿಯನ್ನೇ ತಿನ್ನುತ್ತಿದ್ದೇವೆ. "ಊರುಗೋಲಿಗೆ ಇರೋ ಮರ್ಯಾದೆ ತರಕಾರಿಗಿಲ್ಲ ಈ ಮನೇಲಿ" ಎಂದು ನಿನ್ನಕ್ಕ ಅಂದಳು. ಜನವರಿಯಿಂದ ಈಚೆಗೆ ಅವಳು ಮಾಡಿದ ಮೊದಲ ತಮಾಷೆ ಅದು. ನಾನು ನಗಲು ಮರೆತೆ, ಆಮೇಲೆ ವರ್ಕ್‌ಶಾಪಿನಲ್ಲಿ ಒಬ್ಬನೇ ನಕ್ಕೆ.

ಒಡೆದ ಜಾಗವನ್ನು ಭೂತಕನ್ನಡಿಯಲ್ಲಿ ನೋಡಿದೆ. ನೀನು ಹೇಳಿದ ಸಣ್ಣ ಹನಿ ಎಲ್ಲೂ ಇಲ್ಲ. ಸಾಸಿವೆ ಕಾಳಿನಷ್ಟು ದಪ್ಪ ದಪ್ಪ ಗಂಟು. ಬಿರುಕು ಆ ಗಂಟುಗಳನ್ನೇ ಹುಡುಕಿಕೊಂಡು ಹೋಗಿದೆ. ನಿನ್ನ ರಬ್ಬರು ನನ್ನ ಪ್ಲಾಸ್ಟಿಕ್ಕಿನ ಜೊತೆ ಬೆರೆಯಲು ಒಪ್ಪುತ್ತಿಲ್ಲ. ವಂಶದ ಗುಣ ಇರಬೇಕು.

ಆದರೆ ಬಿಡುವವನು ನಾನಲ್ಲ. ಮುಂದೇನು ಹೇಳು.

ಭಾವ


ಜೂನ್ 20

ಭಾವನವರಿಗೆ,

ವಂಶದ ಮಾತು ಓದಿದೆ. ಆ ವಂಶದ ಹೆಣ್ಣನ್ನು ಬೇಕು ಬೇಕೆಂದು ಎರಡು ವರ್ಷ ನಮ್ಮ ಮನೆ ಮುಂದೆ ಸೈಕಲ್ ಹೊಡೆದವರು ಯಾರು?

ತಪ್ಪು ನಿಮ್ಮ ಮಷಿನ್ನಿನದು. ಅದು ಕರಗಿಸಿ ಅಚ್ಚಿಗೆ ತಳ್ಳುತ್ತದೆಯೇ ಹೊರತು ನಾದುವುದಿಲ್ಲ. ರಬ್ಬರನ್ನೂ ಪ್ಲಾಸ್ಟಿಕ್ಕನ್ನೂ ಬಿಸಿಯಲ್ಲಿ ಚೆನ್ನಾಗಿ ನಾದಬೇಕು. ನಾದಿದಷ್ಟೂ ಹನಿ ಸಣ್ಣದಾಗುತ್ತದೆ. ಗಂಟಾಗಿ ಉಳಿದ ರಬ್ಬರು ಇಲ್ಲದ್ದಕ್ಕಿಂತ ಕೆಟ್ಟದ್ದು. ನಿಮ್ಮ ಊರಲ್ಲಿ ವಿದ್ಯುತ್ ತಂತಿಗೆ ಹೊದಿಕೆ ಹಾಕುವವರು ಇರುತ್ತಾರೆ, ಅವರ ಹತ್ತಿರ ಮುಚ್ಚಿದ ಬಿಸಿ ಮಿಕ್ಸರ್ ಇರಲೇಬೇಕು. ಅಲ್ಲಿ ಬೆರೆಸಿಸಿ, ಕಾಳು ಕತ್ತರಿಸಿಕೊಂಡು ಬಂದು, ಆಮೇಲೆ ನಿಮ್ಮ ಮಷಿನ್ನಿಗೆ ಹಾಕಿ.

ಹತ್ತು ಸಾಲದು. ನೂರಕ್ಕೆ ಮೂವತ್ತು ಹಾಕಿ. ಇಪ್ಪತ್ತು ಕಿಲೋ ರಬ್ಬರು ಲಾರಿಯಲ್ಲಿ ಬರುತ್ತಿದೆ.

ಅಕ್ಕ ನನಗೆ ಯಾಕೆ ಬರೆಯುತ್ತಿಲ್ಲ?

ಬಾಮೈದ


ಜುಲೈ 24

ನಿನಗೆ,

ನಿನ್ನ ಮೂವತ್ತು ನಿನ್ನ ಹತ್ತಿರವೇ ಇರಲಿ.

ತಂತಿ ಕಾರ್ಖಾನೆಯವರ ಕೈಕಾಲು ಹಿಡಿದು ಬೆರೆಸಿಸಿದೆ. ಚೊಕ್ಕವಾಗಿ ಬಂತು. ಫ್ರೀಜರಿನಿಂದ ತೆಗೆದು ಗುಂಡು ಬಿಟ್ಟರೆ ಗುಂಡೇ ಪುಟಿಯಿತು. ಮೂರು ಸಲ ಬಿಟ್ಟೆ, ಮೂರು ಸಲವೂ ಪುಟಿಯಿತು. ಖುಷಿಯ ಭರದಲ್ಲಿ ಭಾರ ನೇತುಹಾಕಿ ನೋಡಲೇ ಇಲ್ಲ. ಊರುಗೋಲಿನ ಕೊಳವೆಗೆ ಸಿಕ್ಕಿಸಿ ನೇರ ಮನೆಗೆ ತಂದೆ. ನಿನ್ನಕ್ಕ ಕನ್ನಡಕ ಹಾಕಿಕೊಂಡು, ಸೆರಗು ಸಿಕ್ಕಿಸಿಕೊಂಡು, ಪರೀಕ್ಷೆಗೆ ಹೊರಟವಳ ಹಾಗೆ ಎದ್ದು ನಿಂತಳು. ಎರಡು ಹೆಜ್ಜೆ ಚೆನ್ನಾಗಿತ್ತು. ಮೂರನೆಯದಕ್ಕೆ ಹಿಡಿ ಕೆಳಕ್ಕೆ ಬಾಗಿತು, ತೋಳುಪಟ್ಟಿ ಹೊರಕ್ಕೆ ತೆರೆದುಕೊಂಡಿತು. ಊಟದ ಮೇಜು ಅಲ್ಲಿತ್ತು, ಹಿಡಿದುಕೊಂಡಳು. ಮೇಜು ಇಲ್ಲದಿದ್ದರೆ ನಾನು ಈ ಕಾಗದವನ್ನು ಆಸ್ಪತ್ರೆಯಿಂದ ಬರೆಯುತ್ತಿದ್ದೆ.

ಆಮೇಲೆ ವರ್ಕ್‌ಶಾಪಿಗೆ ಹೋಗಿ ಅರವತ್ತು ಕಿಲೋ ನೇತುಹಾಕಿದೆ. ಬರೀ ಪ್ಲಾಸ್ಟಿಕ್ಕಿನದು ನಾಲ್ಕು ಮಿಲಿಮೀಟರ್ ಬಗ್ಗುತ್ತಿತ್ತು. ಇದು ಹತ್ತೊಂಬತ್ತು.

ಅವಳ ಕೈ ಆ ಮೇಜಿನ ಅಂಚನ್ನು ಹಿಡಿದದ್ದು ಕಣ್ಣಿಗೆ ಕಟ್ಟಿದೆ. ಬೆರಳೆಲ್ಲ ಬೆಳ್ಳಗಾಗಿದ್ದವು. ನೀನು ಮುವ್ವತ್ತು ವರ್ಷ ರಬ್ಬರಿನಲ್ಲಿ ಮುಳುಗಿದವನು, ನಿನಗೆ ಇದು ಗೊತ್ತಿರಲಿಲ್ಲವೇ? ಅಥವಾ ನನ್ನನ್ನು ಇನ್ನೊಂದು ಸಲ ತಪ್ಪಿತಸ್ಥನನ್ನಾಗಿ ನಿಲ್ಲಿಸಬೇಕಿತ್ತೇ?

ನಾನು ಮಾಡೇ ಮಾಡುತ್ತೇನೆ. ನೀನು ಇಲ್ಲದೆ.

ಇದಕ್ಕೆ ಸಹಿ ಹಾಕುವುದಿಲ್ಲ.


ಜುಲೈ 30

ಪುಟ್ಟು,

ನಲವತ್ತೇಳು ವರ್ಷದವನನ್ನು ಪುಟ್ಟು ಅನ್ನುತ್ತೇನೆಂದು ನಿನ್ನ ಹೆಂಡತಿ ನಗಬಹುದು, ನಗಲಿ. ಇಷ್ಟು ದಿನ ಬರೆಯಲಿಲ್ಲ. ಕೋಪವಿತ್ತು. ಯಾರ ಮೇಲೆ ಎಂದು ಕೊನೆಯಲ್ಲಿ ಹೇಳುತ್ತೇನೆ.

ನಿನ್ನ ಕಾಗದಗಳನ್ನು ನಿನ್ನ ಭಾವ ಊಟದ ಮೇಜಿನ ಮೇಲೇ ಬಿಟ್ಟಿರುತ್ತಾರೆ, ತಾವು ಬರೆದದ್ದರ ಕರಡನ್ನೂ. ಕೆಲಸವಿಲ್ಲದ ಕರಡು ತಿದ್ದುವವಳ ಮುಂದೆ ಕಾಗದ ಬಿಟ್ಟರೆ ಏನಾಗುತ್ತದೆ? ಕೆಂಪು ಪೆನ್ಸಿಲ್ ತೆಗೆದುಕೊಂಡು ಕೂತೆ. ನೀನು "ಮೂವತ್ತು" ಅಂತ ಸರಿಯಾಗಿ ಬರೆದಿದ್ದೀಯ, ಅವರು ಕೊನೆಯಲ್ಲಿ "ಮುವ್ವತ್ತು" ಬರೆದಿದ್ದಾರೆ. ಅದು ಸಣ್ಣ ತಪ್ಪು. ದೊಡ್ಡದು ಬೇರೆ ಇದೆ, ಅದನ್ನು ನೀವಿಬ್ಬರೂ ಸೇರಿ ಮಾಡಿದ್ದೀರಿ.

ನೂರಕ್ಕೆ ಮೂವತ್ತು. ಯಾರ ನೂರು?

ನಾನು ಹತ್ತೊಂಬತ್ತು ವರ್ಷ ಔಷಧಿ ಚೀಟಿ ತಿದ್ದಿದ್ದೇನೆ. ನೂರು ಪಾಲು ನೀರಿಗೆ ಐದು ಪಾಲು ಮದ್ದು ಸೇರಿಸುವುದು ಬೇರೆ, ಒಟ್ಟು ನೂರರಲ್ಲಿ ಐದು ಮದ್ದಿರುವುದು ಬೇರೆ. ನೂರಕ್ಕೆ, ನೂರರಲ್ಲಿ, ಇಷ್ಟು ಸಣ್ಣ ವ್ಯತ್ಯಾಸಕ್ಕೆ ಜನರ ಪ್ರಾಣ ಹೋಗುತ್ತದೆ ಎಂದು ಮೊದಲ ದಿನವೇ ನಮಗೆ ಹೇಳಿಕೊಡುತ್ತಾರೆ. ಅದಕ್ಕೇ ನಿನ್ನ ಭಾವನನ್ನು ಕೇಳಿದೆ: "ನೀವು ಹೇಗೆ ಹಾಕಿದ್ರಿ?" "ಎಪ್ಪತ್ತು ಪಾಲು ನಮ್ಮದು, ಮೂವತ್ತು ಪಾಲು ಅವನದು. ಒಟ್ಟು ನೂರು. ಇನ್ನು ಹೇಗೆ ಹಾಕ್ತಾರೆ?" ಎಂದರು, ನನಗೆ ತಲೆ ಕೆಟ್ಟಿದೆ ಎಂಬಂತೆ.

ನೀನು ಹೈಸ್ಕೂಲು ಬಿಟ್ಟು ರಬ್ಬರ್ ಕಾರ್ಖಾನೆ ಸೇರಿದ ವರ್ಷ ನನಗೆ ತೋರಿಸಿದ ಮಿಶ್ರಣದ ಚೀಟಿ ಜ್ಞಾಪಕವಿದೆ. "ನಮ್ಮಲ್ಲಿ ಮೂಲ ಮಾಲು ಯಾವಾಗ್ಲೂ ನೂರು ಕಣೇ, ಮಿಕ್ಕಿದ್ದೆಲ್ಲಾ ಅದರ ಮೇಲೆ" ಎಂದು ಜಂಬ ಕೊಚ್ಚಿದ್ದೆ. ಅಂದರೆ ನೀನು ಹೇಳಿದ್ದು ನೂರು ಪ್ಲಾಸ್ಟಿಕ್ಕಿನ ಮೇಲೆ ಮೂವತ್ತು. ಅವರು ಹಾಕಿದ್ದು ಎಪ್ಪತ್ತರ ಮೇಲೆ ಮೂವತ್ತು. ನಿನ್ನ ಲೆಕ್ಕಕ್ಕೆ ತಿರುಗಿಸಿದರೆ ಅದು ನೂರಕ್ಕೆ ನಲವತ್ತಮೂರು ಆಯಿತು. ಬಗ್ಗದೆ ಇನ್ನೇನಾಗುತ್ತದೆ?

ಇಬ್ಬರೂ ಬುದ್ಧಿವಂತರು. ಇಬ್ಬರಿಗೂ ತಮ್ಮ ನೂರೇ ಲೋಕದ ನೂರು.

ಈಗ ಕೋಪದ ವಿಷಯ. ನಾನು ಬಿದ್ದು ಆರು ತಿಂಗಳಾಯಿತು. ಮೊದಲು ಬೂಟು ಜಾರಿತೋ, ಮೊದಲು ಪಟ್ಟಿ ಒಡೆಯಿತೋ ಎಂದು ನೀವಿಬ್ಬರೂ ನನ್ನ ಮಂಚದ ಎರಡು ಬದಿಗೆ ನಿಂತು ಜಗಳವಾಡಿದಿರಿ. ಮೆಟ್ಟಿಲ ಮೇಲೆ ಇದ್ದವಳು ನಾನು. ನನ್ನನ್ನು ಒಬ್ಬರಾದರೂ ಕೇಳಿದಿರಾ?

ಈಗ ಕೇಳಬೇಡ, ಹೇಳುವುದಿಲ್ಲ. ನವೆಂಬರ್ ಮೂರಕ್ಕೆ ನಾನು ಆ ನಲವತ್ತೊಂದು ಮೆಟ್ಟಿಲು ಹತ್ತುತ್ತೇನೆ. ನಿಮ್ಮ ಊರುಗೋಲು ಸಿದ್ಧವಿದ್ದರೆ ಅದನ್ನು ಹಿಡಿದು, ಇಲ್ಲದಿದ್ದರೆ ಕೂತು ಕೂತು, ಹಿಂದಕ್ಕೆ ಹಿಂದಕ್ಕೆ ಜರುಗಿಕೊಂಡು. ಅದನ್ನು ಮನೆಯ ಹೊಸ್ತಿಲ ಹತ್ತಿರ ಅಭ್ಯಾಸ ಮಾಡಿಯೂ ಆಗಿದೆ.

ಅಕ್ಕ


ಆಗಸ್ಟ್ 16

ಭಾವನವರಿಗೆ,

ಅಕ್ಕನ ಕಾಗದ ಬಂತು.

ನಾನು ಹೇಳಿದ್ದು ನಿಮ್ಮ ಲೆಕ್ಕದಲ್ಲಿ ನೂರರಲ್ಲಿ ಇಪ್ಪತ್ತಮೂರು. ನಿಮಗೆ ಬಿಡಿಸಿ ಹೇಳಬೇಕು ಎಂದು ಹೊಳೆಯಲೇ ಇಲ್ಲ. ಮೂವತ್ತು ವರ್ಷದಿಂದ ನನ್ನ ಸುತ್ತ ಇರುವವರೆಲ್ಲ ನನ್ನ ಹಾಗೇ ಎಣಿಸುವವರು. ತಪ್ಪಾಯಿತು.

ಈಗ ಯೋಚಿಸಿದರೆ ಇಪ್ಪತ್ತಮೂರೂ ಹೆಚ್ಚೇ. ಚೆನ್ನಾಗಿ ನಾದಿದ ಮಾಲಿಗೆ ಅಷ್ಟು ಬೇಡ. ಒಟ್ಟು ನೂರು, ಅದರಲ್ಲಿ ಎಂಬತ್ತೆರಡು ನಿಮ್ಮದು, ಹದಿನೆಂಟು ನನ್ನದು. ಮುಂಚಿನ ಮಾಲನ್ನು ಎಸೆಯುವುದು ಬೇಡ ಎನ್ನುತ್ತೀರಿ, ಗೊತ್ತು. ಎಸೆಯಿರಿ. ಹೊಸ ಕಾಳಿನಲ್ಲೇ ಮಾಡಿ.

ಇನ್ನೊಂದು ಮಾತಿದೆ. ಇದನ್ನು ಬರೆಯದೆ ಕಾಗದ ಮುಗಿಸಲು ಆಗುತ್ತಿಲ್ಲ. ಕಳೆದ ವರ್ಷ ಅಕ್ಟೋಬರಿನಲ್ಲಿ ಅಕ್ಕ ಫೋನಿನಲ್ಲಿ, "ಕೋಲಿನ ಬೂಟು ಸವೆದು ನುಣ್ಣಗಾಗಿದೆ ಕಣೋ, ಎರಡು ಕಳಿಸು" ಅಂದಿದ್ದಳು. ಅವತ್ತೇ ಎರಡಲ್ಲ, ಆರು ಮಾಡಿಸಿದೆ. ಪೊಟ್ಟಣ ಕಟ್ಟಿದೆ, ವಿಳಾಸ ಬರೆದೆ. ಅದು ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿ ಈಗಲೂ ಇದೆ. ನಾಳೆ ನಾಳೆ ಅನ್ನುತ್ತಾ ಮರೆತೆ. ಅವಳು ಬಿದ್ದಳೆಂದು ಫೋನ್ ಬಂದಾಗ ಮೊದಲು ಕಣ್ಣು ಹೋದದ್ದು ಆ ಡ್ರಾಯರಿಗೆ. ಅದಕ್ಕೇ ಆಸ್ಪತ್ರೆಯಲ್ಲಿ ನಿಮ್ಮ ಮೇಲೆ ಅಷ್ಟು ಜೋರಾಗಿ ಕೂಗಿದ್ದು.

ನಿಮ್ಮ ಬಾಮೈದ


ಸೆಪ್ಟೆಂಬರ್ 20

ಪ್ರೀತಿಯ ಬಾಮೈದನಿಗೆ,

ಎಂಬತ್ತೆರಡು, ಹದಿನೆಂಟು. ಹದಿನಾಲ್ಕು ಪಟ್ಟಿ ಹೊಯ್ದೆ. ಹದಿನಾಲ್ಕನ್ನೂ ಫ್ರೀಜರಿನಲ್ಲಿಟ್ಟೆ. ಒಂದೂ ಒಡೆಯಲಿಲ್ಲ. ಅರವತ್ತು ಕಿಲೋ ನೇತುಹಾಕಿದರೆ ಏಳು ಮಿಲಿಮೀಟರ್ ಬಗ್ಗಿ, ಭಾರ ತೆಗೆದರೆ ಮರಳಿ ನೆಟ್ಟಗಾಯಿತು. ಏಳನ್ನು ನಾಲ್ಕು ಮಾಡಲು ಒಳಬದಿಗೆ ಒಂದು ದಪ್ಪ ಏಣು ಬರುವಂತೆ ಅಚ್ಚನ್ನೇ ಕೊರೆದೆ. ಈಗ ಐದು.

ಒಂದನ್ನು ಬೇಕೆಂದೇ ಬಗ್ಗಿಸಿ ಬಗ್ಗಿಸಿ ಹಿಂಸೆ ಕೊಟ್ಟೆ. ಮುರಿಯುವುದರ ಬದಲು ಬಗ್ಗಿದ ಜಾಗದಲ್ಲಿ ಬಿಳಿಚಿಕೊಂಡಿತು, ಹೆದರಿದ ಮನುಷ್ಯನ ಮುಖದ ಹಾಗೆ. ನನ್ನ ಇಪ್ಪತ್ತಾರು ವರ್ಷದಲ್ಲಿ ಪ್ಲಾಸ್ಟಿಕ್ಕು ಹೀಗೆ ಮುನ್ಸೂಚನೆ ಕೊಟ್ಟದ್ದನ್ನು ನೋಡಿದ್ದು ಇದೇ ಮೊದಲು. ಅದು ಯಾವತ್ತೂ ಹೇಳದೆ ಕೇಳದೆ ಒಡೆಯುವ ಜಾತಿ.

ಡ್ರಾಯರಿನ ವಿಷಯ ಓದಿದೆ. ನೀನು ಬರೆದದ್ದರಿಂದ ನನಗೂ ಬಾಯಿ ಬಂತು. ನಿನ್ನಕ್ಕನ ಹಳೆಯ ಊರುಗೋಲಿನ ಪಟ್ಟಿಯನ್ನು ಹೊಯ್ದದ್ದು ಒಂದು ಶನಿವಾರ, ಆರ್ಡರಿನ ಕೆಲಸ ಮುಗಿದ ಮೇಲೆ. ಹೊರಗಿನವರಿಗೆ ಹೊಸ ಕಾಳು. ಮಷಿನ್ನಿಗೆ ಕಾಳು ಸುರಿಯುವ ಹಾಪರಿನ ತಳದಲ್ಲಿ ಮಿಕ್ಕಿದ್ದು, ಕೆಟ್ಟ ಪಟ್ಟಿಗಳನ್ನು ಪುಡಿ ಮಾಡಿ ಮತ್ತೆ ಮತ್ತೆ ಕರಗಿಸಿದ್ದು, ಅದರಲ್ಲಿ ಇವಳದನ್ನು ಹೊಯ್ದೆ. ಸುಟ್ಟು ಸುಟ್ಟು ಅದರಲ್ಲಿ ಜೀವವೇ ಇರಲಿಲ್ಲ, ನನಗೆ ಗೊತ್ತಿತ್ತು. ಮನೆಯದೇ ತಾನೇ, ನಡೆಯುತ್ತದೆ ಅಂದುಕೊಂಡೆ. ಊರಲ್ಲಿ ಎಷ್ಟು ಜನ ನನ್ನ ಊರುಗೋಲು ಹಿಡಿದು ನಡೆಯುತ್ತಿದ್ದಾರೋ ಅವರೆಲ್ಲರಿಗಿಂತ ಕಳಪೆಯದು ನನ್ನ ಹೆಂಡತಿಯ ಕೈಯಲ್ಲಿತ್ತು. ಇದನ್ನು ಅವಳಿಗೆ ಹೇಳಿಲ್ಲ. ಈ ಕಾಗದದ ಕರಡನ್ನು ಮೇಜಿನ ಮೇಲೆ ಬಿಡುತ್ತೇನೆ. ನನಗಿರುವ ಧೈರ್ಯ ಅಷ್ಟೇ.

ನವೆಂಬರ್ ಮೂರಕ್ಕೆ ಬಾ. ಬೂಟು ತಾ.

ನಿನ್ನ ಭಾವ


ಅಕ್ಟೋಬರ್ 12

ಭಾವನವರಿಗೆ,

ಬರುತ್ತೇನೆ. ಬೂಟುಗಳನ್ನು ಜೇಬಿನಲ್ಲಿ ಹಾಕಿಕೊಂಡೇ ಬರುತ್ತೇನೆ. ಅಂಚೆಯ ಮೇಲೆ ನಂಬಿಕೆ ಇದೆ, ನನ್ನ ಡ್ರಾಯರಿನ ಮೇಲೆ ಇಲ್ಲ. ಹಳೆಯ ಆರನ್ನು ತರುವುದಿಲ್ಲ, ಇಟ್ಟಲ್ಲೇ ಒಣಗಿವೆ. ಹೊಸದಾಗಿ ನಾನೇ ನಿಂತು ಮಾಡಿಸಿದ್ದೇನೆ.

ಅಕ್ಕ ನಿಮ್ಮ ಕರಡು ಓದಿದಳಾ? ಏನಂದಳು?

ಬಾಮೈದ


ನವೆಂಬರ್ 5

ಪುಟ್ಟು,

ಇದನ್ನು ನನ್ನ ಮೇಜಿನಿಂದ ಬರೆಯುತ್ತಿದ್ದೇನೆ. ಎರಡನೇ ಮಹಡಿ, ಕಿಟಕಿಯ ಪಕ್ಕ, ಎಡಗಡೆ ಕೆಮ್ಮಿನ ಔಷಧಿಯ ಕರಡು. ನನ್ನ ಕುರ್ಚಿಯ ಮೇಲೆ ಯಾರೋ ದಿಂಬು ಇಟ್ಟಿದ್ದರು, ತೆಗೆದು ಪಕ್ಕಕ್ಕಿಟ್ಟೆ.

ಕರಡು ಓದಿದೆನಾ ಎಂದು ಕೇಳಿದ್ದೆಯಂತೆ. ಓದಿದೆ. ಒಂದು ಪದವನ್ನೂ ತಿದ್ದಲಿಲ್ಲ. ಕೆಳಗೆ ಕೆಂಪಿನಲ್ಲಿ "ನೋಡಿದೆ" ಎಂದು ಬರೆದು ಅಲ್ಲೇ ಬಿಟ್ಟೆ. ಮೂರು ದಿನ ಅಳುತ್ತಿದ್ದೆ, ಮೂರು ದಿನ ಅವರೇ ಅಡುಗೆ ಮಾಡಿದರು. ನಾಲ್ಕನೇ ದಿನ, "ಉಪ್ಪು ಜಾಸ್ತಿಯಾಯ್ತು" ಅಂದೆ. ಆಗ ಅವರೂ ಅತ್ತರು.

ಮೊನ್ನೆ ನೀವಿಬ್ಬರೂ ಕೆಳಗೆ ನಿಂತು, ನನ್ನ ಹಿಂದೆ ಯಾರು ಬರಬೇಕು ಎಂದು ವಾದಿಸುತ್ತಿದ್ದಿರಿ. "ಅವಳು ಬಿದ್ರೆ ಹಿಡ್ಕೊಳ್ಳೋಕೆ ನಾನಿರ್ಬೇಕು", "ನಿಮಗೆ ಮಂಡಿನೋವು ಭಾವ, ನೀವು ಸುಮ್ನಿರಿ." ಅಷ್ಟರಲ್ಲಿ ನಾನು ಏಳು ಮೆಟ್ಟಿಲು ಹತ್ತಿ ಆಗಿತ್ತು. ಹೊರಗಿನ ಕಲ್ಲು ಬಿಳಿ ಹಿಡಿದು ಮಿಂಚುತ್ತಿತ್ತು. ಬೂಟು ಒಂದು ಸಲವೂ ಜಾರಲಿಲ್ಲ. ಬಾಗಿಲ ಹತ್ತಿರ ಕೋಲು ಕಬ್ಬಿಣದ ಕಂಬಿಗೆ ಸಿಕ್ಕಿಕೊಂಡು ನನ್ನ ಭಾರವೆಲ್ಲ ಪಟ್ಟಿಯ ಮೇಲೆ ಅಡ್ಡಡ್ಡ ಬಿತ್ತಲ್ಲ, ನೀನು ಕಿರುಚಿದೆಯಲ್ಲ, ಆಗ ಅದು ಬಗ್ಗಿ, ಬಿಳಿಚಿಕೊಂಡು, ನಿಂತಿತು. ಮೂವತ್ತು ಮೆಟ್ಟಿಲು ಅದರ ಮೇಲೇ ಹತ್ತಿದೆ. ಸಂಜೆ ನಿನ್ನ ಭಾವ ಬೇರೆ ಪಟ್ಟಿ ಹಾಕಿಕೊಟ್ಟು, ಆ ಬಿಳಿಚಿದ್ದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು.

ಜನವರಿಯಲ್ಲಿ ನಾನು ಬಿದ್ದ ದಿನ ಏನಾಯಿತೆಂದು ಮೇಲೆ ಬಂದ ತಕ್ಷಣ ಹೇಳಬೇಕೆಂದಿದ್ದೆ. ಉಸಿರೇ ಇರಲಿಲ್ಲ, ಆಮೇಲೆ ನಿನ್ನ ರೈಲಿನ ಹೊತ್ತಾಯಿತು. ಈಗ ಹೇಳುತ್ತೇನೆ. ಇದೇ ಮಾತನ್ನು ಇನ್ನೊಂದು ಕಾಗದದಲ್ಲಿ ಬರೆದು ನಿನ್ನ ಭಾವನಿಗೂ ಅಂಚೆಗೆ ಹಾಕುತ್ತಿದ್ದೇನೆ, ಒಂದೇ ಮನೆಯಲ್ಲಿದ್ದರೂ. ಇಬ್ಬರಿಗೂ ಒಂದೇ ಹೊತ್ತಿಗೆ ತಿಳಿಯಲಿ.

ಮೊದಲು ಬೂಟು ಜಾರಿತು, ಒಂದು ಗೇಣು. ನನಗೆ ಭಯವಾಗಲಿಲ್ಲ. ಎಷ್ಟೋ ಸಲ ಜಾರಿದೆ, ತೋಳಿನ ಮೇಲೆ ಭಾರ ಬಿಟ್ಟು ಸಾವರಿಸಿಕೊಂಡಿದ್ದೇನೆ. ಅವತ್ತೂ ಬಿಟ್ಟೆ. ಆಗ ಪಟ್ಟಿ ಒಡೆಯಿತು. ಬೂಟು ಹಿಡಿದಿದ್ದರೆ ಆ ಕಳಪೆ ಪಟ್ಟಿಯೂ ಅವತ್ತಿನ ಮಟ್ಟಿಗೆ ತಡೆಯುತ್ತಿತ್ತು. ಪಟ್ಟಿ ಹಿಡಿದಿದ್ದರೆ ಆ ಸವೆದ ಬೂಟಿನಲ್ಲೂ ನಾನು ನಿಲ್ಲುತ್ತಿದ್ದೆ. ತಪ್ಪು ಒಂದೇ ಆಗಿದ್ದರೆ ನಾನು ಬೀಳುತ್ತಿರಲಿಲ್ಲ, ಪುಟ್ಟು. ನೀನು ಅವರ ಬಗ್ಗೆ ಹೇಳಿದ್ದು ನಿಜ, ಅವರು ನಿನ್ನ ಬಗ್ಗೆ ಹೇಳಿದ್ದೂ ನಿಜ. ಇಬ್ಬರೂ ತಮ್ಮದನ್ನು ಹೇಳಲಿಲ್ಲ, ಅಷ್ಟೇ.

ಇನ್ನು ಯಾರದೆಷ್ಟು ಪಾಲು ಎಂದು ಹೊಸ ಜಗಳ ತೆಗೆಯಬೇಡಿ. ತೆಗೆಯಲೇಬೇಕಾದರೆ ಮೊದಲು ನೂರು ಯಾವುದೆಂದು ಗೊತ್ತು ಮಾಡಿಕೊಳ್ಳಿ. ನಾನು ನೂರು. ಮಿಕ್ಕಿದ್ದೆಲ್ಲ ಅದರ ಮೇಲೆ.

ಬೂಟು ನಾಲ್ಕು ತಿಂಗಳಿಗೆ ಸವೆಯುತ್ತದೆ. ಮಾರ್ಚ್ ಐದಕ್ಕೆ ಎರಡು ಕಳಿಸು.

ಅಕ್ಕ